ಒಂದೇ ಥರದ ಎರಡು ಗೆರೆ

ನಮ್ಮ ಲ್ಯಾಬಿನ ಬೀರುವಿನಲ್ಲಿ ಪ್ಲೇಟ್ಲೆಟ್ ಪರೀಕ್ಷೆಯ ಹಳೆಯ ಗ್ರಾಫ್ ಹಾಳೆಗಳ ಒಂದು ಕಟ್ಟಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ತೋರಿಸೋಕೆ ಅಂತ, ಹೆಸರು ನಂಬರ್ ಎಲ್ಲ ಕತ್ತರಿಸಿ ಇಟ್ಟಿರುವ ಜೆರಾಕ್ಸ್ ಪ್ರತಿಗಳು. ಅದರಲ್ಲಿ ಎರಡು ಹಾಳೆಗಳನ್ನು ಬೇಕಂತಲೇ ಜೊತೆಗೆ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದರೆ ಒಂದರ ಗೆರೆ ಇನ್ನೊಂದರ ಗೆರೆಯ ಮೇಲೆ ಕೂತುಬಿಡುತ್ತದೆ. ಎರಡೂ ಅಡ್ಡಗೆರೆ. ಏರಿಲ್ಲ, ಇಳಿದಿಲ್ಲ. ಒಂದು ತಂಗಿಯದು, ಒಂದು ಅಣ್ಣನದು. ತಂಗಿಗೆ 14 ವರ್ಷ ತುಂಬುವಷ್ಟರಲ್ಲಿ ಆರು ಸಲ ರಕ್ತ ಏರಿಸಿದ್ದರು. ಅಣ್ಣ ಊರಿನ ಕಬಡ್ಡಿ ತಂಡದಲ್ಲಿ ಆಡುತ್ತಿದ್ದ.

ರಿಪೋರ್ಟ್ ಕೈಗೆ ಕೊಟ್ಟ ದಿನ ಅವರ ಅಮ್ಮ ಲ್ಯಾಬಿನ ಬಾಗಿಲ ಹತ್ತಿರ ನಿಂತು ನನ್ನನ್ನು ಕೇಳಿದ್ದರು: “ಅಕ್ಕಾರ, ಇಬ್ಬರದೂ ಗೆರಿ ಒಂದ ಐತಿ ಅಂತೀರಿ. ಮತ್ತ ಇವಗ್ಯಾಕ ಏನೂ ಆಗವಲ್ದು?”

ನಾನು ಟೆಕ್ನಿಷಿಯನ್. ಇಂಥ ಪ್ರಶ್ನೆಗೆ “ಡಾಕ್ಟರನ್ನು ಕೇಳಿ” ಅಂದುಬಿಡುವುದು ನಮಗೆ ರೂಢಿ. ಅವತ್ತೂ ಹಾಗೇ ಅಂದೆ. ಆಮೇಲೆ ನಾನೇ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಗೊತ್ತಿಲ್ಲಮ್ಮ” ಅಂದರು. ಅವರಿಗೆ ಒಬ್ಬರಿಗೇ ಗೊತ್ತಿಲ್ಲ ಅಂತಲ್ಲ, ಯಾರಿಗೂ ಪೂರ್ತಿ ಗೊತ್ತಿಲ್ಲ ಅಂತ ತಿಳಿಯೋಕೆ ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಎಣಿಕೆ ಬೇರೆ, ಕೆಲಸ ಬೇರೆ

ಪ್ಲೇಟ್ಲೆಟ್ ಅಂದರೆ ಏನು ಅಂತ ಈಗ ಯಾರಿಗೂ ಹೇಳಿಕೊಡಬೇಕಿಲ್ಲ. ಡೆಂಗಿ ಬಂದು ಹೇಳಿಕೊಟ್ಟಿದೆ. ಮಳೆಗಾಲ ಬಂತು ಅಂದರೆ ಮನೆಮನೆಯಲ್ಲೂ “ಎಷ್ಟಿದೆ? ಎಂಬತ್ತು ಸಾವಿರವಾ? ನಿನ್ನೆ ಎಷ್ಟಿತ್ತು?” ಅನ್ನುವ ಮಾತು, ಪಪ್ಪಾಯ ಎಲೆಯ ರಸ. (ಕೆಲವು ಪೇಪರಿನವರು ಇವನ್ನು ಈಗಲೂ ‘ಬಿಳಿ ರಕ್ತಕಣ’ ಅಂತ ಬರೆಯುತ್ತಾರೆ. ಅದು ಬೇರೆ, ಇದು ಬೇರೆ. ಓದಿದಾಗೆಲ್ಲ ಕೈ ತುರಿಸುತ್ತದೆ.) ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ಒಳಗಿದ್ದರೆ ಸರಿ ಅಂತ ಆಟೋ ಓಡಿಸುವವರಿಗೂ ಗೊತ್ತು.

ಆದರೆ ನಾನು ಹೇಳುತ್ತಿರುವ ಹುಡುಗಿಯ ಎಣಿಕೆ ಎರಡೂಮುಕ್ಕಾಲು ಲಕ್ಷ ಇತ್ತು. ನನ್ನದಕ್ಕಿಂತ ಜಾಸ್ತಿ. ಸಂಖ್ಯೆ ಭರ್ತಿ ಇದ್ದೂ ಕೆಲಸ ನಡೆಯುತ್ತಿರಲಿಲ್ಲ. ಎಲ್ಲರೂ ಹಾಜರಿ ಹಾಕಿ, ಒಬ್ಬರೂ ಫೈಲ್ ಮುಟ್ಟದ ಆಫೀಸು ಇರುತ್ತದಲ್ವಾ, ಹಾಗೆ.

ಗಾಯವಾದಾಗ ಪ್ಲೇಟ್ಲೆಟ್ ಎರಡು ಕೆಲಸ ಮಾಡಬೇಕು. ಒಡೆದ ರಕ್ತನಾಳದ ಗೋಡೆಗೆ ಅಂಟಿಕೊಳ್ಳಬೇಕು. ಆಮೇಲೆ ಒಂದನ್ನೊಂದು ಹಿಡಿದುಕೊಂಡು ಗುಂಪಾಗಬೇಕು. ಅಂಟುವುದಕ್ಕೆ ಒಂದು ಕೈ, ಹಿಡಿಯುವುದಕ್ಕೆ ಇನ್ನೊಂದು ಕೈ ಅಂದುಕೊಳ್ಳಿ. ಅಂಟುವ ಕೈ ಇಲ್ಲದೆ ಹುಟ್ಟಿದರೆ ಅದು ಬರ್ನಾರ್ಡ್ ಸೂಲಿಯೇ ಸಿಂಡ್ರೋಮ್. 1948ರಲ್ಲಿ ಫ್ರಾನ್ಸಿನ ಇಬ್ಬರು ಡಾಕ್ಟರುಗಳು ಗುರುತಿಸಿದ್ದು. ಹಿಡಿಯುವ ಕೈ ಇಲ್ಲದಿದ್ದರೆ ಗ್ಲಾಂಜ್‌ಮನ್ ಥ್ರಾಂಬಸ್ತೀನಿಯ. 1918ರಲ್ಲಿ ಎಡುವರ್ಡ್ ಗ್ಲಾಂಜ್‌ಮನ್ ಅನ್ನುವ ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರು ಬರೆದಿಟ್ಟಿದ್ದು. ಥ್ರಾಂಬಸ್ತೀನಿಯ ಅಂದರೆ ‘ಪ್ಲೇಟ್ಲೆಟ್ ನಿಶ್ಶಕ್ತಿ’ ಅಂತಲೇ ಅರ್ಥ. ಒಂದೊಂದು ಪ್ಲೇಟ್ಲೆಟ್ಟಿನ ಮೈಮೇಲೆ ಸುಮಾರು 80,000 ಹಿಡಿಯುವ ಕೈಗಳು ಇರಬೇಕು. ಈ ಮಕ್ಕಳಲ್ಲಿ ಅವು ಇರುವುದೇ ಇಲ್ಲ, ಅಥವಾ ಎಲ್ಲೋ ಒಂದಿಷ್ಟು ಇರುತ್ತವೆ, ಇಲ್ಲವೇ ಇದ್ದೂ ಹಿಡಿಯುವುದಿಲ್ಲ.

ಆಪರೇಷನ್ ಅಂದಾಗ ಬರೆದುಕೊಡುವ ಬಿ.ಟಿ., ಸಿ.ಟಿ. ನಿಮಗೆ ಗೊತ್ತಿರುತ್ತದೆ. ಬ್ಲೀಡಿಂಗ್ ಟೈಮ್, ಕ್ಲಾಟಿಂಗ್ ಟೈಮ್. 1910ರಲ್ಲಿ ಡ್ಯೂಕ್ ಅನ್ನುವ ಅಮೆರಿಕದ ಡಾಕ್ಟರು ಕಿವಿಯ ಹಾಲೆಗೆ ಚುಚ್ಚಿ, ಅರ್ಧ ಅರ್ಧ ನಿಮಿಷಕ್ಕೆ ಕಾಗದದಲ್ಲಿ ಒತ್ತಿ, ರಕ್ತದ ಚುಕ್ಕೆ ಯಾವಾಗ ನಿಲ್ಲುತ್ತದೆ ಅಂತ ನೋಡಿದರು. 1941ರಲ್ಲಿ ಐವಿ ಎಂಬುವರು ಅದನ್ನು ಮುಂಗೈಗೆ ತಂದರು, ಬಿ.ಪಿ. ಪಟ್ಟಿಯನ್ನು 40ಕ್ಕೆ ಏರಿಸಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಕ್ಕೆ ಹತ್ತಾದರೂ ಮಾಡುತ್ತಿದ್ದೆ. ಗ್ಲಾಂಜ್‌ಮನ್ ಇದ್ದವರಿಗೆ ಮಾಡಿದರೆ ಚುಕ್ಕೆ ನಿಲ್ಲುವುದೇ ಇಲ್ಲ. ಹದಿನೈದು ನಿಮಿಷ ನೋಡಿ, ‘ಹದಿನೈದಕ್ಕಿಂತ ಜಾಸ್ತಿ’ ಅಂತ ಬರೆದು, ಗಟ್ಟಿಯಾಗಿ ಒತ್ತಿ ಹಿಡಿದು ಕೂರಬೇಕು. ಅಂಥವರಲ್ಲಿ ವಯಸ್ಸಾದವರ ಮುಂಗೈ ನೋಡಿ, ಸಣ್ಣ ಬಿಳೀ ಗೀಟುಗಳಿರುತ್ತವೆ. ಎಷ್ಟು ಆಸ್ಪತ್ರೆ ತಿರುಗಿದ್ದಾರೆ ಅಂತ ಅದರಿಂದಲೇ ಎಣಿಸಬಹುದು. ಆಪರೇಷನ್ನಿನಲ್ಲಿ ಯಾರಿಗೆ ಜಾಸ್ತಿ ರಕ್ತ ಹೋಗುತ್ತದೆ ಅಂತ ಈ ಪರೀಕ್ಷೆಯಿಂದ ಮುಂಚೆಯೇ ತಿಳಿಯುವುದಿಲ್ಲ ಅಂತ ಅಮೆರಿಕದ ಪೆಥಾಲಜಿಸ್ಟ್‌ಗಳ ಸಂಘಗಳು 1998ರಲ್ಲೇ ಹೇಳಿಬಿಟ್ಟವು. ನಮ್ಮಲ್ಲಿ ಚೀಟಿಯ ಮೇಲೆ ಅದು ಇನ್ನೂ ಬರುತ್ತಲೇ ಇದೆ. ಸಿ.ಟಿ.ಯಂತೂ ಇಲ್ಲಿ ಉಪಯೋಗಕ್ಕೇ ಬರುವುದಿಲ್ಲ. ಈ ಮಕ್ಕಳ ರಕ್ತದ ನೀರಿನಂಶದಲ್ಲಿ ಏನೂ ತೊಂದರೆ ಇರುವುದಿಲ್ಲ, ಹಾಗಾಗಿ ಅದು ನಾರ್ಮಲ್ ಬರುತ್ತದೆ. ನಾರ್ಮಲ್ ಅಂತ ಓದಿ ಹಲ್ಲು ಕೀಳಿಸಿಕೊಂಡು ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಮಬ್ಬು ತಿಳಿಯಾಗುವ ಹೊತ್ತು

ಸರಿಯಾದ ಪರೀಕ್ಷೆ ಅಗ್ರಿಗೇಶನ್, ಅಂದರೆ ಪ್ಲೇಟ್ಲೆಟ್ ಗುಂಪಾಗುತ್ತವಾ ಅಂತ ನೋಡುವುದು. ನನ್ನ ಅರ್ಧ ಆಯಸ್ಸು ಅದರ ಮುಂದೆ ಕಳೆದಿದೆ. ರಕ್ತವನ್ನು ಮೆಲ್ಲಗೆ ತಿರುಗಿಸಿದರೆ ಕೆಂಪು ಕಣ ಕೆಳಗಿಳಿದು, ಮೇಲೆ ಪ್ಲೇಟ್ಲೆಟ್ ತುಂಬಿದ ಹಳದಿ ನೀರು ನಿಲ್ಲುತ್ತದೆ. ತೆಳು ಗಂಜಿ ತಿಳಿಯ ಹಾಗೆ ಮಬ್ಬಾಗಿರುತ್ತದೆ. ಅದನ್ನು ಸಣ್ಣ ಗಾಜಿನ ಕ್ಯೂವೆಟ್‌ಗೆ ಹಾಕಿ, 37 ಡಿಗ್ರಿಯಲ್ಲಿ ಕಲಕುತ್ತಾ, ಒಂದು ಕಡೆಯಿಂದ ಬೆಳಕು ಬಿಡುವುದು. ಎ.ಡಿ.ಪಿ., ಕಾಲಜನ್, ಅಡ್ರಿನಲಿನ್, ಅರಾಕಿಡಾನಿಕ್ ಆಸಿಡ್ ಹೀಗೆ ಪ್ಲೇಟ್ಲೆಟ್ಟನ್ನು ಎಬ್ಬಿಸುವ ವಸ್ತುಗಳನ್ನು ಒಂದೊಂದಾಗಿ ಹಾಕಿ ನೋಡುವುದು. ಪ್ಲೇಟ್ಲೆಟ್‌ಗಳು ಒಂದನ್ನೊಂದು ಹಿಡಿದು ಗುಂಪಾದರೆ ನೀರು ತಿಳಿಯಾಗುತ್ತದೆ, ಬೆಳಕು ಜಾಸ್ತಿ ದಾಟುತ್ತದೆ, ಗೆರೆ ಏರುತ್ತದೆ. ಅಷ್ಟೇ.

ಈ ಅಷ್ಟೇ ಅನ್ನುವುದನ್ನು 1962ರಲ್ಲಿ ಲಂಡನ್ನಿನಲ್ಲಿ ಮಾಡಿ ತೋರಿಸಿದವರು ಗುಸ್ತಾವ್ ಬಾರ್ನ್. ಬಣ್ಣ ಅಳೆಯುವ ಒಂದು ಸಾಧಾರಣ ಉಪಕರಣವನ್ನು ಬಿಚ್ಚಿ ಜೋಡಿಸಿ ಮಾಡಿಕೊಂಡಿದ್ದರು. ಅವರ ತಂದೆ ಮ್ಯಾಕ್ಸ್ ಬಾರ್ನ್, 1954ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟ ಮೇಲೆ, ಸಿ.ವಿ. ರಾಮನ್ ಕರೆದರು ಅಂತ 1935-36ರಲ್ಲಿ ಕೆಲವು ತಿಂಗಳು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದ್ದರು. ಇಲ್ಲೇ ನೆಲೆಸುವ ಮಾತೂ ನಡೆದು ಮುರಿದುಬಿತ್ತು. ಮಲ್ಲೇಶ್ವರದ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಇನ್‌ಸ್ಟಿಟ್ಯೂಟಿನ ಗೇಟು ಕಂಡರೆ ನನಗೆ ರಾಮನ್ ನೆನಪಾಗುವುದಿಲ್ಲ, ನಮ್ಮ ಮೆಷಿನ್ ನೆನಪಾಗುತ್ತದೆ.

ಈ ಮೆಷಿನ್ನಿಗೆ ಮಡಿ ಬಹಳ. ರಕ್ತ ತೆಗೆದು ನಾಲ್ಕು ಗಂಟೆಯ ಒಳಗೆ ಮುಗಿಸಬೇಕು. ಫ್ರಿಜ್ಜಿನಲ್ಲಿ ಇಡುವಂತಿಲ್ಲ, ಕುಲುಕುವಂತಿಲ್ಲ, ತೋಳಿಗೆ ಪಟ್ಟಿ ಬಿಗಿದು ಜಾಸ್ತಿ ಹೊತ್ತು ಬಿಡುವಂತಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬು, ಗೀಟಿನ ತನಕ ತುಂಬಿರಬೇಕು. ಬೆಳಗ್ಗೆ ಕಾಫಿ ಇಲ್ಲ. ಎಣ್ಣೆ ತಿಂಡಿ ಇಲ್ಲ, ತಿಂದರೆ ನೀರು ಕೊಬ್ಬಿನಿಂದಲೇ ಮಬ್ಬಾಗಿಬಿಡುತ್ತದೆ. ನೋವಿನ ಮಾತ್ರೆಯನ್ನಂತೂ ಹತ್ತು ದಿನ ಮುಟ್ಟಿರಬಾರದು. ಪ್ರತಿ ರೋಗಿಯ ಜೊತೆಗೆ ಒಬ್ಬ ಆರೋಗ್ಯವಂತರ ರಕ್ತವನ್ನೂ ಓಡಿಸಬೇಕು. ಆ ಆರೋಗ್ಯವಂತರು ಸಾಮಾನ್ಯವಾಗಿ ನಾವೇ. ನನ್ನ ರಕ್ತ ಎಷ್ಟು ಸಲ ಈ ಮೆಷಿನ್ನಿಗೆ ಹೋಗಿದೆಯೋ ಲೆಕ್ಕ ಇಟ್ಟಿಲ್ಲ. ತಲೆನೋವು ಬಂದರೂ ಅಮೃತಾಂಜನ ಹಚ್ಚಿಕೊಂಡು ಸುಮ್ನೆ ಕೂರುವುದು ಹಾಗೇ ಅಭ್ಯಾಸವಾಯಿತು. ಒಂದು ಸಲ ಹಲ್ಲುನೋವು ತಾಳಲಾರದೆ ಆಸ್ಪಿರಿನ್ ಇದ್ದ ಮಾತ್ರೆ ನುಂಗಿ ಮರೆತಿದ್ದೆ. ನಾಲ್ಕನೇ ದಿನ ನನ್ನ ಅರಾಕಿಡಾನಿಕ್ ಗೆರೆ ಮಲಗಿತ್ತು. ಪ್ಲೇಟ್ಲೆಟ್ಟಿನ ಆಯಸ್ಸು ಏಳರಿಂದ ಹತ್ತು ದಿನ. ಆಸ್ಪಿರಿನ್ ಮುಟ್ಟಿದ ಪ್ಲೇಟ್ಲೆಟ್ ಸಾಯುವ ತನಕ ಸರಿಹೋಗುವುದಿಲ್ಲ. ಹಿರಿಯರು ನಕ್ಕು, “ಇವತ್ತು ಪೇಷೆಂಟು ನೀನೇ” ಅಂದರು.

ವಾಪಸ್ ಕಳಿಸಿದ ಬೆಳಗ್ಗೆ

ರಾಯಚೂರು ಜಿಲ್ಲೆಯ ಹಳ್ಳಿಯಿಂದ ಆ ತಾಯಿ ಮಗಳು ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ನಾಲ್ಕು ಗಂಟೆಯ ಕಟ್ಟು ಇರುವುದರಿಂದ ಅಲ್ಲಿ ರಕ್ತ ತೆಗೆದು ಇಲ್ಲಿಗೆ ಕಳಿಸೋಕೆ ಆಗುವುದಿಲ್ಲ. ರಕ್ತದ ಜೊತೆ ಮನುಷ್ಯರೂ ಬರಬೇಕು. ಹುಡುಗಿಯ ತುಟಿ ಕಾಗದದ ಹಾಗೆ ಬೆಳ್ಳಗಿತ್ತು. ಮೊಣಕಾಲ ಕೆಳಗೆ ನೀಲಿ ಮಚ್ಚೆಗಳು. “ಮುಂಜಾನಿಂದ ಚಾ ಸೈತ ಕುಡಿಸಿಲ್ರೀ” ಅಂದರು ಅಮ್ಮ, ಹೆಮ್ಮೆಯಿಂದ. ನಾನು ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಕೇಳುತ್ತಾ ಹೋದೆ. ಹತ್ತು ದಿನದಲ್ಲಿ ಯಾವುದಾದರೂ ಮಾತ್ರೆ?

“ನಿನ್ನಿ ರಾತ್ರಿ ಬಸ್ಸಿನ್ಯಾಗ ಕಾಲು ಭಾಳ ನೋಯಾಕತ್ತಿದ್ವು ಅಂದ್ಳ್ರೀ. ಮೆಡಿಕಲ್ಲಿನ್ಯಾಗ ಒಂದು ಗುಳಿಗಿ ಇಸ್ಕೊಂಡು ಕೊಟ್ಟೆ.”

ಗುಳಿಗೆಯ ಖಾಲಿ ಹಾಳೆ ಸೆರಗಿನ ಗಂಟಿನಲ್ಲೇ ಇತ್ತು. ನೋವಿನ ಮಾತ್ರೆ. ನಾನು ಮಾಡಿದ್ದು ನಿಯಮದ ಪ್ರಕಾರ ಸರಿಯಾಗಿತ್ತು. ಹತ್ತು ದಿನ ಬಿಟ್ಟು ಬನ್ನಿ ಅಂದೆ. ಆ ತಾಯಿ ಜಗಳ ಆಡಲಿಲ್ಲ. ಮಗಳಿಗೆ ಕಾರಿಡಾರಿನಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ ಹೊರಟರು.

ಇದು ಈಗಲೂ ಚುಚ್ಚುತ್ತದೆ. ಅವತ್ತು ಮಾಡಬಹುದಿತ್ತು. ನೋವಿನ ಮಾತ್ರೆ ಕೆಡಿಸುವುದು ಒಂದು ದಾರಿಯನ್ನು ಮಾತ್ರ. ಎ.ಡಿ.ಪಿ. ಹಾಕಿದಾಗ ಗೆರೆ ಮೊದಲು ಏರುವುದನ್ನು ಅದು ತಡೆಯುವುದಿಲ್ಲ. ಹಿಡಿಯುವ ಕೈಯೇ ಇಲ್ಲದವರ ಗೆರೆ ಮಾತ್ರೆ ತಿಂದರೂ ಅಡ್ಡ, ಬಿಟ್ಟರೂ ಅಡ್ಡ. ಸಣ್ಣ ಪುಟ್ಟ ದೋಷ ಹುಡುಕುವಾಗ ಹತ್ತು ದಿನದ ಮಡಿ ಬೇಕೇ ಬೇಕು. ಆದರೆ ಆ ತುಟಿ, ಆ ಮಚ್ಚೆ ನೋಡಿದ ಮೇಲೆ ಸಣ್ಣ ದೋಷ ಅಂತ ಯಾರು ಅಂದುಕೊಳ್ಳುತ್ತಾರೆ? ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ.

ಮೆಷಿನ್ನೂ ಬೇಕಿರಲಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಎರಡು ಹಳೆಯ ಉಪಾಯ ಹೇಳಿಕೊಟ್ಟಿದ್ದರು. ಒಂದು, ಬೆರಳು ಚುಚ್ಚಿ ಬಂದ ರಕ್ತವನ್ನು ಯಾವ ಔಷಧಿಯೂ ಬೆರೆಸದೆ ನೇರ ಗಾಜಿನ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ ನೋಡುವುದು. ನಮ್ಮ ನಿಮ್ಮ ಪ್ಲೇಟ್ಲೆಟ್ ಅಲ್ಲಿ ಗೊಂಚಲು ಗೊಂಚಲಾಗಿ ಕಾಣುತ್ತವೆ. ಗ್ಲಾಂಜ್‌ಮನ್ನಿನಲ್ಲಿ ಒಂದೊಂದೂ ಒಂಟಿ, ಚೆಲ್ಲಿದ ಸಾಸಿವೆಯ ಹಾಗೆ. ಇನ್ನೊಂದು, ಬರೀ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ ಬಿಸಿನೀರಿನ ತೊಟ್ಟಿಯಲ್ಲಿ ಇಡುವುದು. ನಮ್ಮ ಭಾಷೆಯಲ್ಲಿ ಹಾಲಿಗೂ ರಕ್ತಕ್ಕೂ ‘ಹೆಪ್ಪು’ ಅನ್ನುವ ಒಂದೇ ಮಾತು ಯಾಕೆ ಅಂತ ಅವತ್ತು ಗೊತ್ತಾಗುತ್ತದೆ. ಗಟ್ಟಿ ಮೊಸರು ಅಂಚು ಬಿಟ್ಟು ನೀರೊಡೆಯುವ ಹಾಗೆ, ಒಂದೆರಡು ಗಂಟೆಯಲ್ಲಿ ರಕ್ತದ ಹೆಪ್ಪೂ ಗಾಜಿನಿಂದ ಬಿಡಿಸಿಕೊಂಡು ಕುಗ್ಗುತ್ತದೆ, ಸುತ್ತ ತಿಳಿ ನಿಲ್ಲುತ್ತದೆ. ಕುಗ್ಗಿಸುವುದು ಪ್ಲೇಟ್ಲೆಟ್. ಹಿಡಿಯುವ ಕೈ ಇಲ್ಲದವರಲ್ಲಿ ಹೆಪ್ಪು ಕಟ್ಟುತ್ತದೆ, ಆದರೆ ಗಾಜಿಗೆ ಮೆತ್ತಿಕೊಂಡು ಹಾಗೇ ಇರುತ್ತದೆ. ಇವೆರಡಕ್ಕೂ ಸ್ಲೈಡು, ಟ್ಯೂಬು, ಒಂದು ಸೂಕ್ಷ್ಮದರ್ಶಕ ಸಾಕು. ತಾಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಇವುಗಳಿಂದ ರೋಗ ಖಾತ್ರಿಯಾಗುವುದಿಲ್ಲ, ನಿಜ. ಬೆಂಗಳೂರಿನ ಬಸ್ಸು ಹತ್ತಿಸಬೇಕಾ ಅನ್ನುವುದು ಗೊತ್ತಾಗುತ್ತದೆ. ಲಕ್ಷಾಂತರದ ಮೆಷಿನ್ ಬಂದ ಮೇಲೆ ನಾವೇ ಇವನ್ನು ಮರೆತೆವು.

ಎರಡನೆಯ ಗೆರೆ

ಹದಿನಾರು ದಿನ ಬಿಟ್ಟು ಅವರು ಮತ್ತೆ ಬಂದರು. ನಡುವೆ ಹುಡುಗಿ ಮುಟ್ಟಾಗಿ, ನಿಲ್ಲದೆ, ಜಿಲ್ಲಾ ಕೇಂದ್ರದಲ್ಲಿ ಎರಡು ಬಾಟಲಿ ಕೆಂಪು ರಕ್ತ ಏರಿಸಿಕೊಂಡು ಬಂದಿದ್ದಳು. ಪ್ಲೇಟ್ಲೆಟ್ ಏರಿಸಿರಲಿಲ್ಲ. ಏರಿಸಿದ್ದರೆ ಬೇರೆಯವರ ಪ್ಲೇಟ್ಲೆಟ್ ಬೆರೆತು ಪರೀಕ್ಷೆ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಈ ಸಲ ಸಾಮಾನು ಹೊರಲಿಕ್ಕೆ ಅಂತ ಅಣ್ಣನೂ ಬಂದಿದ್ದ. 17 ವರ್ಷ. ಡಾಕ್ಟರು, ಬಂದಿದ್ದಾನಲ್ಲ, ಇವನದೂ ಮಾಡಿಬಿಡಿ ಅಂದರು.

ಹುಡುಗಿಯ ಗೆರೆ ನಾವು ಅಂದುಕೊಂಡ ಹಾಗೇ ಬಂತು. ಎ.ಡಿ.ಪಿ. ಹಾಕಿದ ಕೂಡಲೇ ಗೆರೆ ಒಂಚೂರು ಕೆಳಕ್ಕೆ ಜಗ್ಗಿತು. ಪ್ಲೇಟ್ಲೆಟ್ ಚಪ್ಪಟೆಯಿಂದ ದುಂಡಗಾಗಿ ಮುಳ್ಳು ಚಾಚುವಾಗ ಹಾಗಾಗುತ್ತದೆ. ಅಂದರೆ ಕೂಗು ಕೇಳಿಸಿದೆ, ಎದ್ದು ನಿಂತಿವೆ. ಹಿಡಿಯೋಕೆ ಕೈ ಇಲ್ಲ. ಆಮೇಲೆ ಅಡ್ಡಗೆರೆ. ಕಾಲಜನ್, ಅಡ್ಡಗೆರೆ. ಅರಾಕಿಡಾನಿಕ್, ಅಡ್ಡಗೆರೆ. ಕೊನೆಯದು ರಿಸ್ಟೊಸೆಟಿನ್. ಇದರದೊಂದು ಕಥೆ ಇದೆ. ಮೊದಲು ಆಂಟಿಬಯೋಟಿಕ್ ಅಂತ ಮಾರುತ್ತಿದ್ದರು. ಕೊಟ್ಟವರಲ್ಲಿ ಪ್ಲೇಟ್ಲೆಟ್ ಬಿದ್ದುಹೋಗುತ್ತಿತ್ತು ಅಂತ ವಾಪಸ್ ತೆಗೆದುಕೊಂಡರು. ಮೈಯೊಳಗೆ ಪ್ಲೇಟ್ಲೆಟ್ ಅಂಟಿಸಿ ಹಾಳು ಮಾಡುತ್ತಿದ್ದ ಅದೇ ಗುಣವನ್ನು 1971ರಲ್ಲಿ ಪರೀಕ್ಷೆಗೆ ಬಳಸಿಕೊಂಡರು. ಅದು ನೋಡುವುದು ಹಿಡಿಯುವ ಕೈಯನ್ನಲ್ಲ, ಅಂಟುವ ಕೈಯನ್ನು. ಹುಡುಗಿಯದು ಅಲ್ಲಿ ಮಾತ್ರ ಏರಿತು. ಬರ್ನಾರ್ಡ್ ಸೂಲಿಯೇದಲ್ಲಿ ಇದು ಪೂರ್ತಿ ಉಲ್ಟಾ, ಬೇರೆ ಎಲ್ಲದರಲ್ಲೂ ಏರಿ ರಿಸ್ಟೊಸೆಟಿನ್ನಿನಲ್ಲಿ ಮಲಗುತ್ತದೆ. ಕಣದ ಮೈಮೇಲೆ ಏನಿದೆ ಅಂತ ನೋಡುವ ಫ್ಲೋ ಸೈಟೋಮೆಟ್ರಿಯಲ್ಲಿ ಸಿ.ಡಿ. 41, ಸಿ.ಡಿ. 61 ಅನ್ನುವ, ಹಿಡಿಯುವ ಕೈಯ ಎರಡು ತುಂಡುಗಳನ್ನು ಹುಡುಕಿದರು. ಇರಲಿಲ್ಲ.

ಮಧ್ಯಾಹ್ನ ಅಣ್ಣನ ರಕ್ತ ಓಡಿಸಿದೆ. ನನಗೆ ಹಸಿವು, ಬೇಗ ಮುಗಿಸುವ ಆತುರ. ಎ.ಡಿ.ಪಿ. ಹಾಕಿದೆ. ಒಂಚೂರು ಕೆಳಕ್ಕೆ ಜಗ್ಗಿ, ಅಡ್ಡಗೆರೆ. ತಂಗಿಯ ಸ್ಯಾಂಪಲ್ಲನ್ನೇ ತಪ್ಪಿ ಹಾಕಿದೆನಾ ಅಂತ ಟ್ಯೂಬಿನ ಚೀಟಿ ಮೂರು ಸಲ ಓದಿದೆ. ಹೊಸ ಕ್ಯೂವೆಟ್ ಹಾಕಿ ಮತ್ತೆ ಓಡಿಸಿದೆ. ಅದೇ. ಕಬಡ್ಡಿ ಹುಡುಗ ಹೊರಗಡೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ.

ಚಿಕ್ಕವನಿದ್ದಾಗ ಮೂಗಿನಲ್ಲಿ ರಕ್ತ ಬರುತ್ತಿತ್ತಂತೆ. ರಾಯಚೂರಿನ ಬಿಸಿಲು, ಉಷ್ಣ ಅಂದುಕೊಂಡು ಉಳ್ಳಾಗಡ್ಡಿ ಮೂಸಿಸಿ, ತಲೆಗೆ ತಣ್ಣೀರು ಹಾಕಿ ಮಲಗಿಸುತ್ತಿದ್ದರು. ದೊಡ್ಡವನಾದ ಮೇಲೆ ಅದೂ ನಿಂತಿತು. ಗಾಯವಾದರೆ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಾನೆ, ಅಷ್ಟೇ.

ತಾಯಿಯ ಪ್ರಶ್ನೆ ಆಗ ಬಂದಿದ್ದು. ಅಪ್ಪ ಅಮ್ಮನ ರಕ್ತವನ್ನೂ ಆಮೇಲೆ ನೋಡಿದರು. ಇಬ್ಬರಲ್ಲೂ ಹಿಡಿಯುವ ಕೈ ಹತ್ತಿರ ಹತ್ತಿರ ಅರ್ಧ. ಅರ್ಧ ಇದ್ದರೆ ಸಾಕು, ರಕ್ತ ನಿಲ್ಲುತ್ತದೆ. ಇಬ್ಬರ ಕೆಟ್ಟ ಅರ್ಧವೂ ಒಂದೇ ಮಗುವಿಗೆ ಸಿಕ್ಕರೆ ಮಾತ್ರ ಕಷ್ಟ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ಅವರದು ಸೋದರಮಾವನ ಜೊತೆ ಮದುವೆ. ನಮ್ಮ ಕಡೆ ಈ ಕಾಯಿಲೆ ಇಷ್ಟು ಕಾಣಿಸುವುದಕ್ಕೆ ಒಳಸಂಬಂಧವೇ ದೊಡ್ಡ ಕಾರಣ. ಅದನ್ನು ಹೇಳಲೇಬೇಕು, ಆದರೆ ಹೇಗೆ ಹೇಳುವುದು? ಹದಿನೈದನೇ ವಯಸ್ಸಿಗೆ ಮನೆಯವರು ತೋರಿಸಿದ ಕಡೆ ತಲೆ ಬಗ್ಗಿಸಿದ ಹೆಂಗಸು ಅವರು. “ನನ್ನ ರಕ್ತದಾಗ ಅರ್ಧ ಐತೇನ್ರೀ?” ಅಂತ ಕೇಳಿ, ತಮ್ಮ ಅಂಗೈಯನ್ನೇ ನೋಡಿಕೊಂಡರು.

ಮುಂದೆ ಒಂದು ದಿನ ಡಾಕ್ಟರು 1990ರ ಒಂದು ಹಳೆಯ ಲೇಖನ ಕೊಟ್ಟರು. ಗ್ಲಾಂಜ್‌ಮನ್ ಇದ್ದ 177 ಜನರ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಲ್ಯಾಬಿನಲ್ಲಿ ಕಾಣುವ ದೋಷಕ್ಕೂ ಎಷ್ಟು ರಕ್ತ ಹೋಗುತ್ತದೆ ಅನ್ನುವುದಕ್ಕೂ ಹೊಂದಾಣಿಕೆಯೇ ಸಿಗುವುದಿಲ್ಲ. ಕೆಲವರಿಗೆ ಬರೀ ಮಚ್ಚೆ, ಕೆಲವರಿಗೆ ಜೀವಕ್ಕೇ ಅಪಾಯ. ನಾನು ಓದಿ ಮುಗಿಸಿ, ಇಷ್ಟು ವರ್ಷ ಆ ಗೆರೆಯನ್ನು ನಾನು ಏನಂದುಕೊಂಡಿದ್ದೆ ಅಂತ ಕೂತು ಯೋಚಿಸಿದೆ. ಗೆರೆ ರೋಗದ ಹೆಸರು ಹೇಳುತ್ತದೆ. ನಾನು ಅದನ್ನು ರೋಗದ ಅಳತೆ ಅಂದುಕೊಂಡಿದ್ದೆ.

ಆಮೇಲೆ ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿದೆ? ನಮ್ಮ ಕ್ಯೂವೆಟ್ಟಿನಲ್ಲಿ ರಕ್ತನಾಳದ ಗೋಡೆ ಇಲ್ಲ, ಕೆಂಪು ಕಣ ಇಲ್ಲ, ಹರಿವು ಇಲ್ಲ. ಹೊಸ ಮೆಷಿನ್ನುಗಳು ಇದನ್ನು ಸರಿಮಾಡಲು ನೋಡುತ್ತವೆ. ಒಂದರಲ್ಲಿ ಕಾಲಜನ್ ಹಚ್ಚಿದ ಪೊರೆಯ ಸಣ್ಣ ತೂತಿನ ಮೂಲಕ ರಕ್ತ ಹರಿಸಿ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ನೋಡುತ್ತಾರೆ. ಈ ಮಕ್ಕಳದು 300 ಸೆಕೆಂಡ್ ಆದರೂ ಮುಚ್ಚುವುದಿಲ್ಲ. ಇನ್ನೊಂದರಲ್ಲಿ ಇಡೀ ರಕ್ತ ಹೆಪ್ಪಾಗುವಾಗ ಎಷ್ಟು ಬಿಗಿಯಾಗುತ್ತದೆ ಅಂತ ನೋಡುತ್ತಾರೆ, ಬೆಲ್ಲದ ಪಾಕ ಒಂದೆಳೆ ಬಂತಾ ಎರಡೆಳೆ ಬಂತಾ ಅಂತ ಬೆರಳಲ್ಲಿ ಎಳೆದು ನೋಡುವ ಹಾಗೆ. ಆಪರೇಷನ್ ನಡುವೆ ಇದು ಉಪಯೋಗಕ್ಕೆ ಬರುತ್ತದೆ. ಆದರೂ ಅಣ್ಣ ತಂಗಿಯರ ಪ್ರಶ್ನೆಗೆ ಇವು ಯಾವುದೂ ಉತ್ತರ ಕೊಡುವುದಿಲ್ಲ.

(ಈ ಮಕ್ಕಳಿಂದ ಕಲಿತಿದ್ದು ಬೇರೆ ಕಡೆ ಮಾತ್ರ ಚೆನ್ನಾಗಿ ನಡೆಯಿತು. ಹಿಡಿಯುವ ಕೈ ಇಲ್ಲದಿದ್ದರೆ ಪ್ಲೇಟ್ಲೆಟ್ ಗುಂಪಾಗುವುದಿಲ್ಲ ಅಂತಾದರೆ, ಹೃದಯದ ರಕ್ತನಾಳ ಕಟ್ಟಿದವರಿಗೆ ಆ ಕೈಯನ್ನೇ ಸ್ವಲ್ಪ ಹೊತ್ತು ಕಟ್ಟಿಹಾಕಿದರೆ ಹೇಗೆ? ಬ್ಯಾರಿ ಕಾಲರ್ ಅವರ ಕೆಲಸದಿಂದ ಅಬ್ಸಿಕ್ಸಿಮ್ಯಾಬ್ ಅನ್ನುವ ಔಷಧಿ ಬಂತು, 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯ ರೋಗಿಯನ್ನು ಒಂದಿಷ್ಟು ಹೊತ್ತು ಗ್ಲಾಂಜ್‌ಮನ್ ಮಾಡುವ ಔಷಧಿ. ಇತ್ತ ಆ ಮಕ್ಕಳ ಹೆಸರು 2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಹಿಮೋಫಿಲಿಯ, ಥಲಸ್ಸೀಮಿಯ, ಸಿಕಲ್ ಸೆಲ್ ಇವೆ. ಸರ್ಟಿಫಿಕೇಟ್ ಕೇಳಿಕೊಂಡು ಬಂದವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.)

ರಿಪೋರ್ಟ್ ನಾರ್ಮಲ್

ಇದರ ಉಲ್ಟಾ ಕಥೆಯೂ ಒಂದಿದೆ. ಸಾಗರದ ಕಡೆಯ ಪ್ರೈಮರಿ ಶಾಲೆ ಟೀಚರ್. ಹಲ್ಲು ಕಿತ್ತಿಸಿಕೊಂಡಾಗ ಎರಡು ದಿನ ರಕ್ತ, ಎರಡೂ ಹೆರಿಗೆಯಲ್ಲಿ ರಕ್ತ ಏರಿಸಿದ್ದರು, ತಿಂಗಳು ತಿಂಗಳೂ ಒದ್ದಾಟ. ಎರಡು ಸಲ ಅಗ್ರಿಗೇಶನ್ ಮಾಡಿದೆ. ಗೆರೆಗಳು ಗುಡ್ಡ ಹತ್ತಿದ ಹಾಗೆ ಏರಿದವು. ನನ್ನದಕ್ಕಿಂತ ಚೆಂದ. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬಂತು. ಅವರು ಅದನ್ನು ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಕೇಳಿದರು: “ಹಂಗಾರೆ ನಂಗೆ ರಕ್ತ ಹೋಗಿದ್ದು ಸುಳ್ಳಾ?”

ಪ್ಲೇಟ್ಲೆಟ್ಟಿನ ಒಳಗೆ ಸಣ್ಣ ಸಣ್ಣ ಗಂಟುಗಳಿರುತ್ತವೆ, ಬುತ್ತಿಯ ಹಾಗೆ. ಗಾಯದ ಹತ್ತಿರ ಬಿಚ್ಚಿ ಬೇರೆ ಪ್ಲೇಟ್ಲೆಟ್‌ಗಳನ್ನು ಕರೆಯುವುದಕ್ಕೆ. ಕೆಲವರಲ್ಲಿ ಆ ಬುತ್ತಿಯೇ ಖಾಲಿ. ಸ್ಟೋರೇಜ್ ಪೂಲ್ ಕಾಯಿಲೆ ಅನ್ನುತ್ತಾರೆ. ಅಂಥವರಲ್ಲಿ ಒಂದು ಪಾಲು ಜನರ ಅಗ್ರಿಗೇಶನ್ ನಾರ್ಮಲ್ಲೇ ಬರುತ್ತದೆ. ಬುತ್ತಿ ಬಿಚ್ಚಿತಾ ಅಂತ ಬೇರೆ ಪರೀಕ್ಷೆ ಮಾಡಬೇಕು, ಅಥವಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅವರಿಗೆ ಹಾಗೆ ನೋಡಿದ ಮೇಲೆ ಸಿಕ್ಕಿತು. ಆದರೆ ಅವರ ಕೇಸು ಮುಚ್ಚಿಹೋಗದೆ ಉಳಿದಿದ್ದು ಒಬ್ಬ ಕಿರಿಯ ಡಾಕ್ಟರಮ್ಮ ಕೂತು ಕೇಳಿ ಬರೆದುಕೊಂಡ ಎರಡು ಪುಟದಿಂದ. ಬ್ಲೀಡಿಂಗ್ ಸ್ಕೋರ್ ಅಂತ ಒಂದು ಪ್ರಶ್ನೆಪಟ್ಟಿ ಇದೆ, 2010ರಲ್ಲಿ ರಕ್ತತಜ್ಞರ ಅಂತರರಾಷ್ಟ್ರೀಯ ಸಂಘ ಒಪ್ಪಿಕೊಂಡಿದ್ದು. ಮೂಗು, ಒಸಡು, ಹಲ್ಲು, ಆಪರೇಷನ್, ಮುಟ್ಟು, ಹೆರಿಗೆ ಹೀಗೆ ಹದಿನಾಲ್ಕು ಬಾಬತ್ತು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ದೊಡ್ಡ ಹೆಂಗಸರಲ್ಲಿ ಆರು, ಗಂಡಸರಲ್ಲಿ ನಾಲ್ಕು, ಮಕ್ಕಳಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅನುಮಾನ ಪಡಬೇಕು. ಟೀಚರಿಗೆ ಒಂಬತ್ತು ಬಂದಿತ್ತು.

ಕಬಡ್ಡಿ ಹುಡುಗನಿಗೆ ಎರಡು. ಪಟ್ಟಿಯ ಪ್ರಕಾರ ಅವನಿಗೆ ಏನೂ ಇಲ್ಲ. ಯಾಕೆ ಅಂತ ಪಟ್ಟಿ ನೋಡಿದರೇ ಕಾಣುತ್ತದೆ. ಅವನು ಹಲ್ಲು ಕೀಳಿಸಿಲ್ಲ, ಆಪರೇಷನ್ ಆಗಿಲ್ಲ, ಮುಟ್ಟಂತೂ ಇಲ್ಲವೇ ಇಲ್ಲ. ಅವನ ರಕ್ತಕ್ಕೆ ಇನ್ನೂ ಯಾರೂ ಸರಿಯಾಗಿ ಪರೀಕ್ಷೆ ಇಟ್ಟಿಲ್ಲ. ತಂಗಿಗೆ ಹನ್ನೆರಡಕ್ಕೆ ಶುರುವಾಗಿ ತಿಂಗಳಿಗೊಂದು. ಇಬ್ಬರ ನಡುವಿನ ಅಂತರ ಪೂರ್ತಿ ಇದರಿಂದಲೇ ಅಂತ ಹೇಳಲಾರೆ. ಮೂಗು ಒಸಡಿನಲ್ಲೂ ಅವಳದೇ ಜಾಸ್ತಿ ಇತ್ತು. ಆದರೆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿತ್ತು, ನಾನು ಅವತ್ತು ಮೆಷಿನ್ನಿನ ಕಡೆ ನೋಡುತ್ತಿದ್ದೆ.

ಪಟ್ಟಿಯಲ್ಲೂ ಒಂದು ತೊಡಕಿದೆ. ಮುಟ್ಟು ಹೇಗಾಗುತ್ತದೆ ಅಂದರೆ ನಮ್ಮ ಹೆಂಗಸರು “ನಾರ್ಮಲ್” ಅನ್ನುತ್ತಾರೆ. ಅವರ ಅಮ್ಮನಿಗೂ ಹಾಗೇ ಆಗುತ್ತಿತ್ತು, ಅಕ್ಕನಿಗೂ ಹಾಗೇ. ಟೀಚರ್ ಕೂಡ ಮೊದಲು ಅದನ್ನೇ ಅಂದಿದ್ದರು. “ರಾತ್ರಿ ಎದ್ದು ಬದಲಾಯಿಸುತ್ತೀರಾ? ಹಾಸಿಗೆ ಮೇಲೆ ಏನಾದರೂ ಹಾಸಿಕೊಂಡು ಮಲಗುತ್ತೀರಾ? ಶಾಲೆಯಲ್ಲಿ ಎದ್ದು ಬೋರ್ಡಿನ ಹತ್ತಿರ ಹೋಗೋಕೆ ಭಯ ಆಗುತ್ತಾ?” ಅಂತ ಕೇಳಿದ ಮೇಲೆ ಬಾಯಿ ಬಿಟ್ಟರು.

ಕ್ಯಾಲೆಂಡರಿನ ಹಿಂಬದಿ

ರಾಯಚೂರಿನ ಹುಡುಗಿಗೆ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ, ಕಬ್ಬಿಣ ಶುರುವಾಯಿತು. ಪ್ಲೇಟ್ಲೆಟ್ ಏರಿಸುವುದನ್ನು ತೀರಾ ಅಗತ್ಯಕ್ಕೆ ಅಂತ ಉಳಿಸಿಕೊಳ್ಳುತ್ತಾರೆ. ಆ ಕೈಯನ್ನೇ ಕಾಣದ ಮೈ, ಕೊಟ್ಟ ಪ್ಲೇಟ್ಲೆಟ್ಟಿನ ಮೇಲೆ ಜಗಳಕ್ಕೆ ಬಿದ್ದು, ಮುಂದೆ ಬೇಕಾದಾಗ ಕೆಲಸ ಮಾಡದ ಹಾಗೆ ಮಾಡಿಬಿಡಬಹುದು. ಮಾತ್ರೆ ಹಿಡಿಯುತ್ತಿದೆಯಾ ಅಂತ ತಿಳಿಯಬೇಕಲ್ಲ? ಅಗ್ರಿಗೇಶನ್ ಮತ್ತೆ ಮಾಡಿದರೆ ಅದೇ ಅಡ್ಡಗೆರೆ ಬರುತ್ತದೆ, ಸಾಯುವ ತನಕ. ಅದಕ್ಕೆ ಡಾಕ್ಟರು ಚಿತ್ರವಿರುವ ಒಂದು ಚಾರ್ಟು ಕೊಟ್ಟರು. ಪ್ಯಾಡಿನ ಮೇಲೆ ಸ್ವಲ್ಪ ಕಲೆಯಿದ್ದರೆ 1, ಮಧ್ಯಮಕ್ಕೆ 5, ಪೂರ್ತಿ ತೊಯ್ದರೆ 20. ಒಂದು ಮುಟ್ಟಿಗೆ ಒಟ್ಟು 100 ದಾಟಿದರೆ ಜಾಸ್ತಿ ಅಂತ. ತಾಯಿ ಚಾರ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು, “ನಾವು ಅರಿವಿ ಹಾಕ್ತೀವ್ರೀ.”

ಡಾಕ್ಟರಿಗೂ ನನಗೂ ಮಾತು ಹೊರಡಲಿಲ್ಲ. ಬಟ್ಟೆಗೆ ಚಾರ್ಟ್ ಇಲ್ಲ. ನಿಮಗೆ ತಿಳಿದ ಹಾಗೆ ಏನಾದರೂ ಗುರುತು ಹಾಕಿಕೊಂಡು ಬನ್ನಿ ಅಂದರು.

ನಾಲ್ಕು ತಿಂಗಳು ಬಿಟ್ಟು ಅವರು ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಬಂದರು. ಹಿಂಬದಿಯ ಬಿಳೀ ಜಾಗದಲ್ಲಿ ಇದ್ದಿಲಿನ ಗೀಟು, ಅಲ್ಲಲ್ಲಿ ಗುಣಾಕಾರ. ಅವರಿಗೆ ಬರೆಯೋಕೆ ಬರುವುದಿಲ್ಲ. ಲೆಕ್ಕ ಅವರದೇ. ಬಟ್ಟೆ ಒಗೆಯುವಾಗ ನೀರು ತಿಳಿಯಾಗಲು ಎಷ್ಟು ಸಲ ಬದಲಾಯಿಸಬೇಕು ಅಂತ ಎಣಿಸಿದ್ದಾರೆ. “ಮೂರು ನೀರಿನ್ಯಾಗ ಸ್ವಚ್ಛ ಆದ್ರ ಒಂದು ಗೀಟು ಹಾಕೀನ್ರೀ. ಐದು ನೀರು ಹಿಡದ್ರ ಗುಣಾಕಾರ.”

ನಾನು ಆ ಮಾತನ್ನು ಅವರ ಬಾಯಲ್ಲೇ ಮತ್ತೊಮ್ಮೆ ಹೇಳಿಸಿದೆ. ಮಬ್ಬು ನೀರು ತಿಳಿಯಾಗುವುದನ್ನು ನೋಡಿಕೊಂಡು ಅವರು ಮನೆಯ ಹಿತ್ತಲಲ್ಲಿ ಕೂತಿದ್ದರು, ನಾನು ಇಲ್ಲಿ ಎ.ಸಿ. ರೂಮಿನಲ್ಲಿ.

ಡಾಕ್ಟರು ಹಾಳೆಗಳನ್ನು ತಿಂಗಳ ಪ್ರಕಾರ ಜೋಡಿಸಿ, ನನ್ನ ಗ್ರಾಫಿನ ಮೇಲೆ ಇಟ್ಟು ಪಿನ್ ಹೊಡೆದರು. ಕೊನೆಯ ಹಾಳೆಯ ಜೆರಾಕ್ಸ್ ಮಾಡಿ ಬೀರುವಿನ ಕಟ್ಟಿನಲ್ಲಿ, ಆ ಎರಡು ಅಡ್ಡಗೆರೆಗಳ ನಡುವೆ ಇಟ್ಟುಕೊಂಡಿದ್ದೇನೆ. ಜುಲೈ ತಿಂಗಳದು. ಮೊದಲ ಎರಡು ದಿನ ಗುಣಾಕಾರ, ಮೂರು ನಾಲ್ಕನೇ ದಿನ ಗೀಟು, ಐದನೇ ದಿನ ಒಂದೇ ಗೀಟು, ಅದೂ ಸಣ್ಣದು. ಆರನೇ ದಿನದ ಜಾಗದಲ್ಲಿ ಏನೂ ಇಲ್ಲ.